ಇಲ್ಲಿ ಕಟ್ಟಿ ಅಲ್ಲಿ ಓಡಿಸುವುದು

ಸಿಂಪ್ಯೂಟರ್ ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ! 1999ರಲ್ಲಿ ಹುಟ್ಟಿದ ಸಿಂಪ್ಯೂಟರ್ ಟ್ರಸ್ಟ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇದ್ದರು. ಜೊತೆಗೆ ಎನ್‌ಕೋರ್ ಕಂಪನಿಯವರು. ಅಂಗೈಯಗಲದ ಒಂದೇ ಯಂತ್ರವನ್ನು ಊರವರೆಲ್ಲ ತಮ್ಮ ತಮ್ಮ ಸ್ಮಾರ್ಟ್‌ಕಾರ್ಡ್ ತೂರಿಸಿ ಹಂಚಿಕೊಳ್ಳಬೇಕು, ಓದಲು ಬಾರದವರಿಗೆ ಅದು ಕನ್ನಡದಲ್ಲಿ ಓದಿ ಹೇಳಬೇಕು ಎಂಬುದು ಅವರ ಕನಸು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. (ವಿಜಯವಾಡದವರಿಗೆ ಮಚಿಲಿಪಟ್ಟಣದ ಘಟಕದಿಂದ ಪರಿಚಿತವಾದ ಬಿಇಎಲ್ ಅದೇ.) ಅದು ಯಾಕೆ ಗೆಲ್ಲಲಿಲ್ಲ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ನನಗೆ ಕುತೂಹಲ ಅದರ ಹೊಟ್ಟೆಯೊಳಗಿನದ್ದು.

ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್, ಮೇಲೆ ಲಿನಕ್ಸ್. ಹಾರ್ಡ್‌ಡಿಸ್ಕ್ ಇಲ್ಲ, ಮೆಮೊರಿ ಕೆಲವೇ ಹತ್ತು ಎಂಬಿ. ಅಂಥದ್ದರೊಳಗೆ ಕೂತು ಅದರ ತಂತ್ರಾಂಶ ಕಟ್ಟಲಾಗದು. ಇಂಟೆಲ್ ಪಿಸಿಯಲ್ಲಿ ಆರ್ಮ್‌ಗೆಂದು ಕಟ್ಟಿ ದಾಟಿಸಬೇಕು. ಇದೇ ಕ್ರಾಸ್ ಕಂಪೈಲಿಂಗ್.

ಉಪಾಯ ಹಳೆಯದು. 1969ರಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7ಕ್ಕೆ ಬೇಕಾದ ಕೋಡನ್ನು ಮೊದಲು ಸಿದ್ಧಪಡಿಸಿದ್ದು ಜಿಇ ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ. ಯುನಿಕ್ಸ್ ಶುರುವಾದದ್ದು ಹೀಗೆ. ತೂತು ಕೊರೆದ ಕಾಗದದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಒಯ್ಯಬೇಕಿತ್ತು, ಹಾಗಾಗಿ ಯಾವುದು ಯಾವ ಯಂತ್ರದ್ದು ಎಂಬ ಗೊಂದಲವಿಲ್ಲ.

ಗೊಂದಲ ಬಂದದ್ದು ಎರಡೂ ಯಂತ್ರಗಳ ಉಪಕರಣಗಳು ಒಂದೇ ಡಿಸ್ಕಿನಲ್ಲಿ ಮನೆಮಾಡಿದಾಗ. 1979ರ ಯುನಿಕ್ಸ್ ಏಳನೇ ಆವೃತ್ತಿಯ ಶೆಲ್‌ನಲ್ಲಿ 'ಪಾತ್' ಎಂಬ ಪಟ್ಟಿ ಇತ್ತು: ಸಾಲಾಗಿ ಹುಡುಕು, ಮೊದಲು ಸಿಕ್ಕಿದ್ದೇ ನಿನ್ನದು. ಇಂಟೆಲ್‌ನ ಅಸೆಂಬ್ಲರ್ ಹೆಸರೂ 'ಆಸ್', ಆರ್ಮ್‌ನದ್ದೂ 'ಆಸ್'. ವಿಶಾಖಪಟ್ಟಣದವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಜಯವಾಡ ದಾಟಿ ಹೌರಾಕ್ಕೆ ಹೋಗುವ ಕೆಲವು ಗಾಡಿಗಳು ನಮ್ಮ ನಿಲ್ದಾಣಕ್ಕೆ ಬಂದು ದಿಕ್ಕು ಬದಲಿಸಿ ಹೊರಡುತ್ತವೆ, ಇನ್ನು ಕೆಲವು ದುವ್ವಾಡದಿಂದಲೇ ಊರನ್ನು ಬದಿಗಿಟ್ಟು ಹೋಗುತ್ತವೆ. ಬೋರ್ಡಿನಲ್ಲಿ ಎರಡಕ್ಕೂ ಹೌರಾ ಎಂದೇ!

1987ರಲ್ಲಿ ಜಿಸಿಸಿ ಬಂತು. 1989ರಲ್ಲಿ ಶುರುವಾದ ಸಿಗ್ನಸ್ ಕಂಪನಿ ಅದನ್ನು ಹೊಸ ಹೊಸ ಚಿಪ್‌ಗಳಿಗೆ ಒಗ್ಗಿಸುವುದನ್ನೇ ಕಸುಬು ಮಾಡಿಕೊಂಡಿತು. ಕಟ್ಟುವ ಯಂತ್ರ ಬಿಲ್ಡ್, ಕಂಪೈಲರ್ ಓಡುವ ಯಂತ್ರ ಹೋಸ್ಟ್, ಕೊನೆಯ ಕೋಡ್ ಓಡುವ ಯಂತ್ರ ಟಾರ್ಗೆಟ್. ಮೂರೂ ಬೇರೆಯಾದರೆ ಅದಕ್ಕೆ 'ಕೆನಡಿಯನ್ ಕ್ರಾಸ್' ಎಂದು ಹೆಸರು. ಆಗ ಕೆನಡಾದಲ್ಲಿ ರಾಷ್ಟ್ರೀಯ ಪಕ್ಷಗಳು ಮೂರಿದ್ದವಂತೆ. ಕಂಪೈಲರ್ ಬರೆಯುವವರ ಹಾಸ್ಯ ಇಷ್ಟೇ.

ಉಪಕರಣಗಳ ಹೆಸರಿಗೆ ಮನೆತನದ ಹೆಸರು ಸೇರಿದ್ದು ಈ ವ್ಯವಸ್ಥೆಯಿಂದ: 'ಆರ್ಮ್-ಲಿನಕ್ಸ್-ಆಸ್', 'ಆರ್ಮ್-ಲಿನಕ್ಸ್-ಜಿಸಿಸಿ'. ಆದರೆ ಜಿಸಿಸಿ ಒಳಗಿಂದೊಳಗೆ ಹುಡುಕುವುದು ತನ್ನ ಪ್ರಿಫಿಕ್ಸ್‌ನ ಕೆಳಗೆ, ಟಾರ್ಗೆಟ್ ಹೆಸರಿನ ಫೋಲ್ಡರಿನಲ್ಲಿರುವ ಬರಿಯ 'ಆಸ್' ಅನ್ನು. ಬಿನ್‌ಯುಟಿಲ್ಸ್‌ಗೆ ಒಂದು ಪ್ರಿಫಿಕ್ಸ್, ಜಿಸಿಸಿಗೆ ಇನ್ನೊಂದು ಕೊಟ್ಟರೆ ಅದು ಅಲ್ಲಿ ಸಿಗದು; ಪಾತ್ ಹಿಡಿದು ಹೋಗಿ ಪಿಸಿಯ 'ಆಸ್' ಅನ್ನೇ ಕರೆಯುತ್ತದೆ. ಇಂಟೆಲ್ ಅಸೆಂಬ್ಲರಿನ ಮುಂದೆ ಆರ್ಮ್ ಸೂಚನೆಗಳು ಬಂದರೆ ಎರರ್‌ಗಳ ಮಳೆ.

ಆ ಮಳೆಯೇ ವಾಸಿ. ಪಿಸಿಯ ಹೆಡರ್ ಫೈಲುಗಳು ನುಸುಳಿದರೆ ಸದ್ದೇ ಇರುವುದಿಲ್ಲ. ಲಿನಕ್ಸ್‌ನಲ್ಲಿ 'ಇದು ಡೈರೆಕ್ಟರಿಯಾದರೆ ಮಾತ್ರ ತೆರೆ' ಎನ್ನುವುದಕ್ಕೂ 'ಕ್ಯಾಶ್ ಬಿಟ್ಟು ನೇರ ಡಿಸ್ಕಿಗೆ ಹೋಗು' ಎನ್ನುವುದಕ್ಕೂ ಒಂದೊಂದು ಸಂಖ್ಯೆ ಇದೆ. ಇಂಟೆಲ್‌ನಲ್ಲಿರುವ ಆ ಎರಡು ಸಂಖ್ಯೆಗಳು ಆರ್ಮ್‌ನಲ್ಲಿ ಅದಲುಬದಲು. ಪ್ರೋಗ್ರಾಂ ತಕರಾರಿಲ್ಲದೆ ಕಂಪೈಲ್ ಆಗಿ, ಯಂತ್ರಕ್ಕೆ ಇಳಿದು, ಅಲ್ಲಿ ಕೇಳಿದ್ದೊಂದು ಮಾಡಿದ್ದೊಂದು ಆಗುತ್ತದೆ. ಟಾರ್ಗೆಟ್‌ನ ಹೆಡರ್, ಲೈಬ್ರರಿಗಳನ್ನೆಲ್ಲ ಪ್ರತ್ಯೇಕ ಬೇರಿನ ಕೆಳಗಿಡುವ 'ಸಿಸ್‌ರೂಟ್' ಏರ್ಪಾಡು ಬೇಕಾದದ್ದು ಇದಕ್ಕೇ.

2018ರಲ್ಲಿ ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್ ಚಿಪ್ಪಾಗಿ ಹೊರಬಂತು. ರಿಸ್ಕ್-ಫೈವ್ ಕುಲದ ಅಂಥ ಚಿಪ್‌ಗಳಿಗೆ ಪಿಸಿಯಲ್ಲಿ ಕೂತು ಕೋಡ್ ಕಟ್ಟುವ ಕಂಪೈಲರಿನ ಹೆಸರು 'ರಿಸ್ಕ್‌ವಿ64-ಅನ್‌ನೋನ್-ಎಲ್ಫ್-ಜಿಸಿಸಿ'. ನಡುವಿನ 'ಅನ್‌ನೋನ್' ಇರುವ ಜಾಗ ಯಂತ್ರ ಮಾಡಿದವರ ಹೆಸರಿಗೆ ಮೀಸಲು.