ಜಾಲತಾಣಕ್ಕೆ ಸ್ಥಿರ ಪುಟ: ಸೇರಿಸುವ ಕ್ರಮ, ಉಳಿಸುವ ಎಚ್ಚರ

ಜಾಲತಾಣವೊಂದರಲ್ಲಿ ದಿನದಿನವೂ ಹೊಸದಾಗುವ ಬರಹಗಳ ಜೊತೆಗೆ ವರ್ಷಗಟ್ಟಲೆ ಒಂದೇ ಕಡೆ ನಿಲ್ಲಬೇಕಾದ ಮಾಹಿತಿಯೂ ಇರುತ್ತದೆ. ಸಂಸ್ಥೆಯ ಪರಿಚಯ, ಸಂಪರ್ಕ ವಿಳಾಸ, ಅರ್ಜಿ ಸಲ್ಲಿಸುವ ವಿಧಾನ, ಶುಲ್ಕದ ವಿವರ ಇತ್ಯಾದಿಗಳು ಈ ವರ್ಗಕ್ಕೆ ಸೇರುತ್ತವೆ. ಇಂತಹ ಮಾಹಿತಿಗಾಗಿ ವಿಷಯ ನಿರ್ವಹಣಾ ತಂತ್ರಾಂಶದ ಮೂಲಕ ತಾಣಕ್ಕೆ ಸೇರಿಸುವ ಪ್ರತ್ಯೇಕ ಪುಟವನ್ನು ಸ್ಥಿರ ಪುಟ ಅಥವಾ ಕಸ್ಟಮ್ ಪುಟ ಎನ್ನಲಾಗುತ್ತದೆ. ಇದನ್ನು ಸೇರಿಸಲು ಎಚ್‌ಟಿಎಂಎಲ್ ಸಂಕೇತಗಳ ಜ್ಞಾನ ಅನಿವಾರ್ಯವಲ್ಲ. ಆದರೆ ಸೇರಿಸಿದ ಪುಟ ಹತ್ತು ವರ್ಷಗಳ ನಂತರವೂ ಅದೇ ವಿಳಾಸದಲ್ಲಿ, ಓದಲು ಬರುವ ಕನ್ನಡದಲ್ಲಿ ಸಿಗಬೇಕಾದರೆ ಕೆಲವು ನಿರ್ಧಾರಗಳನ್ನು ಮೊದಲ ದಿನವೇ ಕೈಗೊಳ್ಳಬೇಕಾಗುತ್ತದೆ.

ಇದು ಕೇವಲ ಅಂದಚೆಂದದ ವಿಚಾರವಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು, ಯಾರೂ ಅರ್ಜಿ ಹಾಕದೆಯೇ ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿ ಪ್ರಕಟಿಸಬೇಕಾದ ಮಾಹಿತಿಯನ್ನು 17 ಬಾಬುಗಳಲ್ಲಿ ಪಟ್ಟಿ ಮಾಡಿದೆ. ಇಂತಹ ಮಾಹಿತಿಗೆ ಜಾಲತಾಣದಲ್ಲಿ ತಕ್ಕ ಜಾಗ ಸ್ಥಿರ ಪುಟವೇ. ಆ ಪುಟ ಕಾಣೆಯಾದರೆ ನಾಗರಿಕರು ಮತ್ತೆ ಕಚೇರಿಯ ಬಾಗಿಲಿಗೇ ಹೋಗಬೇಕಾಗುತ್ತದೆ.

ಹಿನ್ನೆಲೆ

ಬೆಲ್ಜಿಯಂನ ಡ್ರೀಸ್ ಬಯ್ಟಾರ್ಟ್ ರೂಪಿಸಿ 2001ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಡ್ರೂಪಾಲ್ ತಂತ್ರಾಂಶದ ಆರಂಭದ ಆವೃತ್ತಿಗಳಲ್ಲಿ ಪುಟಗಳಿಗಾಗಿಯೇ ಒಂದು ಮಾಡ್ಯೂಲ್ ಇತ್ತು. 2007ರ ಜನವರಿಯಲ್ಲಿ ಬಂದ ಐದನೆಯ ಆವೃತ್ತಿಯಿಂದ, ಬಳಕೆದಾರರೇ ತಮಗೆ ಬೇಕಾದ ವಿಷಯ ಪ್ರಕಾರಗಳನ್ನು ನಿರ್ವಹಣಾ ಪುಟದಲ್ಲಿ ಸೃಷ್ಟಿಸಿಕೊಳ್ಳುವ ಸೌಲಭ್ಯ ಮೂಲ ತಂತ್ರಾಂಶದಲ್ಲೇ ದೊರೆಯಿತು. ಮಾಂಬೋ ಯೋಜನೆಯಿಂದ 2005ರಲ್ಲಿ ಕವಲೊಡೆದ ಜೂಮ್ಲಾದಲ್ಲಿ ಲೇಖನವನ್ನು ಬರೆದು ಅದನ್ನು ಮೆನುವಿನ ಒಂದು ಅಂಶಕ್ಕೆ ಜೋಡಿಸುವುದು ವಾಡಿಕೆ.

ಮ್ಯಾಟ್ ಮುಲೆನ್‌ವೆಗ್ ಹಾಗೂ ಮೈಕ್ ಲಿಟಲ್ 2003ರಲ್ಲಿ ಹೊರತಂದ ವರ್ಡ್‌ಪ್ರೆಸ್ ಮೊದಲಿಗೆ ಬ್ಲಾಗ್ ಬರಹಗಳಿಗೆ ಮೀಸಲಾಗಿತ್ತು. 2005ರ ಫೆಬ್ರವರಿಯಲ್ಲಿ ಬಂದ 1.5 ಆವೃತ್ತಿ 'ಪೇಜ್' ಎಂಬ ಪ್ರತ್ಯೇಕ ಪ್ರಕಾರವನ್ನು ಸೇರಿಸಿತು. 2007ರ 2.1 ಆವೃತ್ತಿಯಿಂದ ಇಂತಹ ಪುಟವೊಂದನ್ನೇ ತಾಣದ ಮುಖಪುಟವನ್ನಾಗಿಸುವುದು ಸಾಧ್ಯವಾಯಿತು. ವ್ಯಾಪಕ ಬಳಕೆಯಲ್ಲಿರುವ ಕಾರಣ ಮುಂದಿನ ವಿವರಣೆಗೆ ವರ್ಡ್‌ಪ್ರೆಸ್ಸನ್ನೇ ಮಾದರಿಯಾಗಿ ತೆಗೆದುಕೊಳ್ಳಲಾಗಿದೆ.

ಬರಹಕ್ಕೂ ಪುಟಕ್ಕೂ ಇರುವ ವ್ಯತ್ಯಾಸ

ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯ ಬರಹಗಳು ದಿನಾಂಕದ ಕ್ರಮದಲ್ಲಿ ಜೋಡಣೆಯಾಗುತ್ತವೆ, ವರ್ಗಗಳಲ್ಲಿ ಹಂಚಿಕೆಯಾಗುತ್ತವೆ, ಆರ್‌ಎಸ್‌ಎಸ್ ಫೀಡ್‌ನಲ್ಲಿ ಹೊರಬೀಳುತ್ತವೆ. ಹೊಸದು ಬಂದಂತೆ ಹಳೆಯದು ಕೆಳಕ್ಕೆ ಸರಿಯುತ್ತದೆ. ಸ್ಥಿರ ಪುಟ ಈ ಸಾಲಿನಲ್ಲಿ ನಿಲ್ಲುವುದಿಲ್ಲ. ಅದಕ್ಕೆ ವರ್ಗವಿಲ್ಲ, ಫೀಡ್‌ನಲ್ಲಿ ಸ್ಥಾನವಿಲ್ಲ. ಬದಲಿಗೆ ಒಂದು ಪುಟದ ಅಡಿಯಲ್ಲಿ ಉಪಪುಟಗಳನ್ನು ಇಡಬಹುದು. ಸುತ್ತೋಲೆ, ಸಮಾರಂಭದ ವರದಿಗಳು ಬರಹವಾಗಿರಬೇಕು. ಅರ್ಜಿಯ ವಿಧಾನ, ಅಧಿಕಾರಿಗಳ ಪಟ್ಟಿಗಳು ಪುಟವಾಗಿರಬೇಕು. ಈ ವಿವೇಚನೆ ತಪ್ಪಿದಾಗಲೇ ಓದುಗರಿಗೆ ಅಗತ್ಯವಾದ ಮಾಹಿತಿ ಹಳೆಯ ಸುದ್ದಿಗಳ ರಾಶಿಯಲ್ಲಿ ಹೂತುಹೋಗುತ್ತದೆ.

ಸೇರಿಸುವ ಕ್ರಮ

ನಿರ್ವಹಣಾ ವಿಭಾಗದ 'ಪೇಜಸ್' ಮೆನುವಿನಲ್ಲಿ ಹೊಸ ಪುಟವನ್ನು ತೆರೆದು ಶೀರ್ಷಿಕೆ ಮತ್ತು ಒಡಲನ್ನು ಬರೆಯುವುದು ಮೊದಲ ಹಂತ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯ ನಂತರ ಒಡಲು ಬ್ಲಾಕ್‌ಗಳ ರೂಪದಲ್ಲಿರುತ್ತದೆ. ಕಂಡಿಕೆ, ಚಿತ್ರ, ಕೋಷ್ಟಕ ಹೀಗೆ ಪ್ರತಿಯೊಂದಕ್ಕೂ ಒಂದೊಂದು ಬ್ಲಾಕ್. ಎರಡನೆಯದಾಗಿ, ಇದು ಉಪಪುಟವಾಗಿದ್ದರೆ ಮೂಲಪುಟ ಯಾವುದೆಂದು ಸೂಚಿಸಬೇಕು. ಮೂರನೆಯದಾಗಿ ವಿಳಾಸದ ಕೊನೆಯ ಭಾಗವನ್ನು, ಅಂದರೆ 'ಸ್ಲಗ್' ಎಂಬುದನ್ನು, ಪ್ರಕಟಣೆಗೆ ಮುನ್ನವೇ ಪರಿಶೀಲಿಸಬೇಕು. ಕರಡನ್ನು ಮೊಬೈಲ್ ಪರದೆಯ ಅಳತೆಯಲ್ಲೂ ನೋಡಿದ ಬಳಿಕ ಪ್ರಕಟಿಸಬೇಕು. ಪ್ರಕಟಿಸಿದ ಮಾತ್ರಕ್ಕೆ ಪುಟ ಎಲ್ಲ ಥೀಮ್‌ಗಳಲ್ಲೂ ಮೆನುವಿನಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಅಂತಹ ಕಡೆ ಮೆನುವಿಗೆ ಅದನ್ನು ಸೇರಿಸುವುದು ಕೊನೆಯ ಹಂತ.

ಪುಟದ ವಿನ್ಯಾಸ ಉಳಿದವುಗಳಿಗಿಂತ ಭಿನ್ನವಾಗಿರಬೇಕಾದರೆ ಟೆಂಪ್ಲೇಟ್ ಬಳಸಲಾಗುತ್ತದೆ. ಹಳೆಯ ಮಾದರಿಯ ಥೀಮ್‌ಗಳಲ್ಲಿ ಇದು ಥೀಮ್‌ನ ಕಡತಕೋಶದಲ್ಲಿರುವ ಒಂದು ಪಿಎಚ್‌ಪಿ ಕಡತ. ಅದನ್ನು ಮೂಲ ಥೀಮ್‌ನಲ್ಲೇ ಇಟ್ಟರೆ ಥೀಮ್ ನವೀಕರಣವಾದಾಗ ಅಳಿಸಿಹೋಗುತ್ತದೆ. ಆದ್ದರಿಂದ 'ಚೈಲ್ಡ್ ಥೀಮ್' ರಚಿಸಿ ಅದರಲ್ಲಿ ಇಡುವುದು ಕ್ಷೇಮ.

ಪುಟಗಳನ್ನು ತಿದ್ದುವ ಅಧಿಕಾರ ವರ್ಡ್‌ಪ್ರೆಸ್‌ನ ಮೂಲ ವ್ಯವಸ್ಥೆಯಲ್ಲಿ ನಿರ್ವಾಹಕರಿಗೆ ಮತ್ತು ಸಂಪಾದಕರಿಗೆ ಮಾತ್ರ ಇದೆ. 'ಆಥರ್' ಅಥವಾ 'ಕಾಂಟ್ರಿಬ್ಯೂಟರ್' ಪಾತ್ರದವರಿಗೆ ಇಲ್ಲ. ಸ್ಥಿರ ಮಾಹಿತಿ ಕಂಡಕಂಡವರ ಕೈಗೆ ಸಿಗಬಾರದೆಂಬ ದೃಷ್ಟಿಯಿಂದ ಇದು ಉಚಿತವೇ ಆಗಿದೆ.

ಕನ್ನಡ ವಿಳಾಸದ ತೊಡಕು

ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸವೂ ತಾನಾಗಿ ಕನ್ನಡದಲ್ಲೇ ರಚನೆಯಾಗುತ್ತದೆ. ಇಲ್ಲಿ ಕಣ್ಣಿಗೆ ಕಾಣದ ಮಿತಿಯೊಂದಿದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗವನ್ನು 200 ಅಕ್ಷರಸ್ಥಾನಗಳಿಗೆ ಸೀಮಿತಗೊಳಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಮೂರು ಸ್ಥಾನಗಳಲ್ಲಿ ಬರೆಯಲಾಗುತ್ತದೆ. ಅಂದರೆ ಒಂದು ಸಂಕೇತಕ್ಕೆ ಒಂಬತ್ತು ಸ್ಥಾನ. ವ್ಯಂಜನ, ಸ್ವರಚಿಹ್ನೆ, ವಿರಾಮ ಚಿಹ್ನೆಗಳು ಬೇರೆ ಬೇರೆ ಸಂಕೇತಗಳಾದ್ದರಿಂದ 'ಕ್ಕು' ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳನ್ನು, 36 ಸ್ಥಾನಗಳನ್ನು ಬಳಸುತ್ತದೆ.

ಹೀಗಾಗಿ 22 ಸಂಕೇತಗಳು ಮೀರಿದರೆ ವಿಳಾಸ ತುಂಡಾಗುತ್ತದೆ. 'ಮಾಹಿತಿ ಹಕ್ಕು ಅರ್ಜಿ ಸಲ್ಲಿಸುವ ವಿಧಾನ' ಎಂಬ ಶೀರ್ಷಿಕೆಯಲ್ಲಿ 29 ಸಂಕೇತಗಳಿವೆ. ಅದರ ವಿಳಾಸ 'ಮಾಹಿತಿ-ಹಕ್ಕು-ಅರ್ಜಿ-ಸಲ್ಲಿ' ಎಂಬಲ್ಲಿಗೆ ನಿಂತುಬಿಡುತ್ತದೆ. ಇಂತಹ ವಿಳಾಸವನ್ನು ಮಿಂಚಂಚೆಗೆ ನಕಲು ಮಾಡಿದಾಗ ಶೇಕಡಾ ಚಿಹ್ನೆಗಳ ಉದ್ದ ಸರಮಾಲೆಯಾಗಿ ಕಾಣುವುದೂ ಉಂಟು. 'ಮಾಹಿತಿ-ಹಕ್ಕು' ಎಂದು ಕಿರಿದುಗೊಳಿಸಿದರೆ 100 ಸ್ಥಾನಗಳಲ್ಲಿ ಮುಗಿಯುತ್ತದೆ. ಶೀರ್ಷಿಕೆ ಎಷ್ಟೇ ದೀರ್ಘವಾಗಿದ್ದರೂ ವಿಳಾಸವನ್ನು ಎರಡು ಪದಗಳಿಗೆ ಇಳಿಸುವುದು, ಇಲ್ಲವೇ ರೋಮನ್ ಲಿಪಿಯಲ್ಲಿ ಬರೆಯುವುದು ಒಳಿತು.

ಅಕ್ಷರ ಸಂಕೇತದ ಪ್ರಶ್ನೆ

ನುಡಿ ಅಥವಾ ಬರಹದ ಹಳೆಯ ಆನ್ಸಿ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತವನ್ನು ನೇರವಾಗಿ ಪುಟಕ್ಕೆ ಅಂಟಿಸಬಾರದು. ಅವುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿರುತ್ತವೆ. ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ, ಶೋಧಯಂತ್ರಗಳಿಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಪರಿಶೀಲಿಸಿದ ನಂತರವೇ ಅಂಟಿಸಬೇಕು.

ತಾಣವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸ್ಥಳಾಂತರಿಸುವಾಗಲೂ ಎಚ್ಚರ ಬೇಕು. ದತ್ತಸಂಚಯದ ಅಕ್ಷರ ವ್ಯವಸ್ಥೆ ಲ್ಯಾಟಿನ್-1 ಆಗಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುವ ಅಪಾಯವಿದೆ. ಒಮ್ಮೆ ಹಾಗೆ ಶೇಖರವಾದ ಮೇಲೆ ಆ ಚಿಹ್ನೆಗಳಿಂದ ಮೂಲಪಠ್ಯ ಮರಳಿ ಬಾರದು; ಪ್ರತ್ಯೇಕವಾಗಿ ಇಟ್ಟ ಬ್ಯಾಕಪ್ ಪ್ರತಿಯೊಂದೇ ಆಧಾರ.

ಪ್ರಕಟಣೆಯ ನಂತರ

ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಉತ್ತಮ ವಿಳಾಸ ಬದಲಾಗಬಾರದೆಂಬ ತತ್ತ್ವವನ್ನು ಪ್ರತಿಪಾದಿಸಿದ್ದರು. ವರ್ಡ್‌ಪ್ರೆಸ್ ಸಾಮಾನ್ಯ ಬರಹದ ವಿಳಾಸ ಬದಲಾದರೆ ಹಳೆಯದನ್ನು ನೆನಪಿಟ್ಟು ಓದುಗರನ್ನು ಹೊಸದಕ್ಕೆ ಕಳುಹಿಸುತ್ತದೆ. ಸ್ಥಿರ ಪುಟಗಳ ವಿಷಯದಲ್ಲಿ ಈ ದಾಖಲೆಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಸ್ಥಿರವಾಗಿರಬೇಕಾದ ಪುಟಕ್ಕೇ ಈ ರಕ್ಷಣೆ ಇಲ್ಲದಿರುವುದು ಗಮನಾರ್ಹ. ಆದುದರಿಂದ ವಿಳಾಸವನ್ನು ಬದಲಿಸಲೇಬೇಕಾದರೆ 301 ಎಂಬ ಶಾಶ್ವತ ಮರುನಿರ್ದೇಶನವನ್ನು ನಿರ್ವಾಹಕರೇ ಬರೆದಿಡಬೇಕು.

ತಪ್ಪಾಗಿ ತಿದ್ದಿದ ಪುಟವನ್ನು ಹಿಂದಿನ ರೂಪಕ್ಕೆ ತರಲು 2008ರ 2.6 ಆವೃತ್ತಿಯಿಂದ ಪರಿಷ್ಕರಣೆಗಳ ದಾಖಲೆ ಲಭ್ಯವಿದೆ. ಅಳಿಸಿದ ಪುಟ ಸಾಮಾನ್ಯವಾಗಿ 30 ದಿನ ಕಸದಬುಟ್ಟಿಯಲ್ಲಿದ್ದು ಆನಂತರ ಶಾಶ್ವತವಾಗಿ ಇಲ್ಲವಾಗುತ್ತದೆ.

ಪುಟ ಸ್ಥಿರವೆಂದ ಮಾತ್ರಕ್ಕೆ ಅದರೊಳಗಿನ ಮಾಹಿತಿ ಹಳತಾಗಬೇಕೆಂದೇನೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯೂ ಸ್ವಯಂಪ್ರಕಟಿತ ವಿವರಗಳನ್ನು ಪ್ರತಿವರ್ಷ ನವೀಕರಿಸಬೇಕೆಂದು ವಿಧಿಸುತ್ತದೆ. ವರ್ಗವಾಗಿ ಹೋದ ಅಧಿಕಾರಿಯ ಹೆಸರು, ಬದಲಾದ ದೂರವಾಣಿ ಸಂಖ್ಯೆ, ಪರಿಷ್ಕೃತ ಶುಲ್ಕ ಇವು ತಪ್ಪಾಗಿ ಉಳಿದರೆ ಪುಟ ಇಲ್ಲದಿರುವುದಕ್ಕಿಂತ ಹೆಚ್ಚಿನ ತೊಂದರೆಯಾಗುತ್ತದೆ. ಪ್ರತಿ ಪುಟದ ಕೊನೆಯಲ್ಲಿ ಪರಿಷ್ಕರಿಸಿದ ದಿನಾಂಕವನ್ನು ನಮೂದಿಸಿ, ಅದನ್ನು ನೋಡಿಕೊಳ್ಳುವ ಹೊಣೆಯನ್ನು ನಿರ್ದಿಷ್ಟ ಹುದ್ದೆಗೆ ವಹಿಸುವುದು ಸೂಕ್ತ. ವಿಳಾಸ ಬದಲಾಗದೆ, ಒಡಲು ಕಾಲಕಾಲಕ್ಕೆ ಹೊಸದಾಗುತ್ತಿದ್ದರೆ ಮಾತ್ರ ಸ್ಥಿರ ಪುಟ ತನ್ನ ಉದ್ದೇಶವನ್ನು ಈಡೇರಿಸುತ್ತದೆ.