ಒಂದು ರನ್‌ವೇ, ನಾಲ್ಕು ಹಜೇರಿ ಪುಸ್ತಕ

ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದ ಸುತ್ತಲಿನ ರೋಜಾದವರಿಗೆ ಮೊದಲೆಲ್ಲ ವಿಮಾನ ಅಂದರೆ ಹೈದರಾಬಾದು. ಪೆಟ್ಟಿಗೆ ಕಟ್ಟಿಕೊಂಡು ಬಸ್ಸೋ ರೈಲೋ ಹಿಡಿದು ಅಲ್ಲಿಗೇ ಹೋಗಬೇಕಿತ್ತು. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಗ್ರಾಮದ ಬಳಿಯ ಕಪ್ಪು ನೆಲದಲ್ಲಿ 2008ರಲ್ಲಿ ನಮ್ಮದೇ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಖಾಸಗಿ ಸಹಭಾಗಿತ್ವದ ಕೆಲಸ ನಡುವೆಯೇ ನಿಂತಾಗ ಲೋಕೋಪಯೋಗಿ ಇಲಾಖೆ ಕೈಗೆತ್ತಿಕೊಂಡು ಮುಗಿಸಿತು. 2019ರ ನವೆಂಬರ್ 22ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. ಬೆಂಗಳೂರಿನಿಂದ ಸ್ಟಾರ್ ಏರ್‌ನ 50 ಆಸನಗಳ ಎಂಬ್ರೇರ್ ಜೆಟ್ ಬಂದಿಳಿಯಿತು.

ನಿಲ್ದಾಣದ ಕಥೆ ಬರೆಯುವವರು ಮೂರು ಕಿಲೋಮೀಟರು ದಾಟುವ ರನ್‌ವೇಯ ಉದ್ದ ಹೇಳುತ್ತಾರೆ. ನಾನು ಪಗಾರದ ಲೆಕ್ಕ ಹೇಳುತ್ತೇನೆ.

ಬಂದ ವಿಮಾನ ಸ್ವಲ್ಪ ಹೊತ್ತು ನಿಂತು ಹೊರಡುತ್ತದೆ. ಅಷ್ಟರಲ್ಲೇ ನಾಲ್ಕು ಧಣಿಗಳ ಆಳುಗಳು ಅದರ ಸುತ್ತ ಸೇರಿರುತ್ತಾರೆ. ಗೋಪುರದಲ್ಲಿ ಕೂತು ಇಳಿಯಲು ಅನುಮತಿ ಕೊಟ್ಟವರು ವಿಮಾನ ನಿಲ್ದಾಣ ಪ್ರಾಧಿಕಾರದವರು. ಅಲ್ಲಿ ಕಿರಿಯ ಅಧಿಕಾರಿಯ ವೇತನ ಶ್ರೇಣಿ 40,000ದಿಂದ ಶುರುವಾಗಿ 1,40,000 ರೂಪಾಯಿವರೆಗೆ ಹೋಗುತ್ತದೆ; ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ. ಕಾಕ್‌ಪಿಟ್‌ನಲ್ಲಿರುವ ಕ್ಯಾಪ್ಟನ್ ವಿಮಾನ ಸಂಸ್ಥೆಯವರು. ಅವರ ಗಳಿಕೆಯ ಒಂದು ಪಾಲು ಹಾರಿದ ಗಂಟೆಗಳ ಮೇಲಿದ್ದು, ವರ್ಷಕ್ಕೆ 1000 ಗಂಟೆ ದಾಟುವಂತಿಲ್ಲ. ಮೂರನೆಯವರು ರಾಜ್ಯದವರು: ಅಗ್ನಿಶಾಮಕ ಸೇವೆ ಮತ್ತು ಭದ್ರತೆಯನ್ನು ರಾಜ್ಯವೇ ಉಚಿತವಾಗಿ ಒದಗಿಸಬೇಕೆಂಬುದು, ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ಷರತ್ತು. ನಾಲ್ಕನೆಯವರು, ಗಾಲಿಗೆ ಅಡ್ಡಗಟ್ಟೆ ಇಟ್ಟು ಸಾಮಾನು ಇಳಿಸುವವರು, ಒಳಗಿನ ಸೀಟು ಗುಡಿಸುವವರು. ಇಂಥ ಕೆಲಸ ದೇಶದೆಲ್ಲೆಡೆ ಹೆಚ್ಚಾಗಿ ಗುತ್ತಿಗೆಯವರದು.

ವಿಮಾನ ಬಾರದ ದಿನ ಈ ನಾಲ್ವರಿಗೂ ಒಂದೇ ರೀತಿ ತಟ್ಟುವುದಿಲ್ಲ. ಗೋಪುರದವರ ಪಗಾರ ನಿಲ್ಲದು, ರಾಜ್ಯದ ನೌಕರರದೂ ನಿಲ್ಲದು. ಪೈಲಟ್‌ಗೆ ಗಂಟೆ ಕಡಿಮೆಯಾಗುತ್ತದೆ. ಗುತ್ತಿಗೆಯವನಿಗೆ ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವುದೇ ಚಿಂತೆ. ಪಗಾರ ಯಾರಿಗೆ ಕಡಿಮೆಯೋ ಅಪಾಯದ ಹೊರೆ ಅವರಿಗೇ ಹೆಚ್ಚು.

ನಿಲ್ದಾಣಕ್ಕೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಇದು ಕಣ್ಣೆದುರಿಗೇ ಬಂತು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಊರಲ್ಲೇ ದಾಖಲಾಯಿತು. ಅದೇ ತಿಂಗಳ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನಗಳು ನಿಂತವು. ಹಲವು ಸಂಸ್ಥೆಗಳು ಸಂಬಳ ಕಡಿದವು, ಸಂಬಳವಿಲ್ಲದ ರಜೆಗೆ ಕಳಿಸಿದವು.

ಪಗಾರ ನಿಂತರೆ ಹಾರಾಟವೂ ನಿಲ್ಲುತ್ತದೆ ಎಂಬುದನ್ನು ಕರ್ನಾಟಕ ಮೊದಲೇ ನೋಡಿತ್ತು. ಸಂಬಳವಿಲ್ಲದೆ ಬೇಸತ್ತ ಸಿಬ್ಬಂದಿ ಮುಷ್ಕರ ಹೂಡಿದ ಮೇಲೆ, 2012ರ ಅಕ್ಟೋಬರಿನಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಶರ್ ವಿಮಾನ ಸಂಸ್ಥೆ ನೆಲಕ್ಕಿಳಿದದ್ದು ಮತ್ತೆ ಏಳಲಿಲ್ಲ.

ಉಡಾನ್‌ನಲ್ಲಿ ವಿಮಾನ ಸಂಸ್ಥೆಯ ನಷ್ಟ ತುಂಬುವ ಹಣ ಒಂದು ಮಾರ್ಗಕ್ಕೆ ಸಿಗುವುದು ಮೂರು ವರ್ಷ ಮಾತ್ರ. ಆಮೇಲೆ ಟಿಕೆಟ್ಟಿನ ದುಡ್ಡಿನಲ್ಲೇ ಮಾರ್ಗ ಬದುಕಬೇಕು; ಬದುಕದಿದ್ದರೆ ಪೆಟ್ಟು ಮತ್ತೆ ಗುತ್ತಿಗೆಯವನಿಗೇ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಧಣಿಯೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಆದರೆ ಅದು ದುಡಿದ ದಿನಗಳ ಕೂಲಿಗಷ್ಟೇ. ಬಾರದ ವಿಮಾನಕ್ಕಾಗಿ ಕಾದು ಕೂತ ದಿನದ ಮಾತು ಅದರಲ್ಲಿರಲಿಲ್ಲ.

ಹೊಸ ಮಾರ್ಗ ಕೊಡಿ ಎಂದು ನಾವು ಬರೆಯುವ ಮನವಿಯಲ್ಲಿ ಇನ್ನು ಮುಂದೆ ಎರಡನೆಯ ಸಾಲೂ ಇರಲಿ: ಹಾರಾಟ ರದ್ದಾದ ದಿನವೂ ಅಡ್ಡಗಟ್ಟೆ ಹಿಡಿದು ಕಾದವನ ಹಜೇರಿ ಬೀಳಬೇಕು.