ಒಂದು ಅಂಚೆ ಕಾರ್ಡು, ಒಂದು ಸಂದರ್ಶನ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ವಿದ್ಯಾರ್ಥಿಗಳೇ, ಓದು ಮುಗಿಸಿ ದೊಡ್ಡ ಕಂಪನಿಯೊಂದರ ಸಂದರ್ಶನಕ್ಕೆ ಹೊರಡುವ ದಿನ ನಿಮಗೂ ಬರುತ್ತದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಕಂಪನಿಗಳು ನಿಮ್ಮ ಹೊಲಗಳ ಅಂಚಿಗೇ ಬಂದಿವೆ. 2025ರಲ್ಲಿ ಅಲ್ಲಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಿಕೆ ಆರಂಭವಾಯಿತು. ಆದರೂ ‘ನಮ್ಮಂಥವರನ್ನು ತೆಗೆದುಕೊಳ್ಳುತ್ತಾರೆಯೇ?’ ಎಂಬ ಅಳುಕು ಗೇಟಿನ ಬಳಿಯೇ ಕಾಲು ಹಿಡಿಯುತ್ತದೆ. 1974ರಲ್ಲಿ ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬರಿಗೆ ಈ ಪ್ರಶ್ನೆಗೆ ಉತ್ತರ ಅಚ್ಚಿನಲ್ಲೇ ಸಿಕ್ಕಿತ್ತು.

ಆಕೆ ಸುಧಾ ಕುಲಕರ್ಣಿ. ಲೇಖಕಿ ಸುಧಾ ಮೂರ್ತಿ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ತರಗತಿಗೆ ಒಬ್ಬಳೇ ಹುಡುಗಿಯಾಗಿ ಓದಿ, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ಸೂಚನಾ ಫಲಕದಲ್ಲಿ ಟಾಟಾ ಬಳಗದ್ದೇ ಆದ ಟೆಲ್ಕೊ ಕಂಪನಿಯ ಜಾಹೀರಾತು ಕಂಡಿತು. ಎಂಜಿನಿಯರುಗಳು ಬೇಕಾಗಿದ್ದಾರೆ; ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ, ಎಂದಿತ್ತು. ಸುಧಾ ಅವರು ಅಂಚೆ ಕಾರ್ಡೊಂದನ್ನು ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು: ವಿದ್ಯಾಸಂಸ್ಥೆ ಕಟ್ಟಿದ ಮನೆತನ ಹೀಗೆ ಭೇದ ಮಾಡಬಹುದೇ? ಟೆಲ್ಕೊದ ಮುಖ್ಯಸ್ಥರು ಸುಮಂತ್ ಮೂಳಗಾಂವಕರ್ ಎಂಬುದು ಆಕೆಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಕಾರ್ಡು ಎಲ್ಲಿಗೆ ಹೋಗುತ್ತಿತ್ತೋ!

ಹತ್ತು ದಿನದೊಳಗೆ ತಂತಿ ಬಂತು. ಕಂಪನಿಯ ಖರ್ಚಿನಲ್ಲೇ ಪುಣೆಗೆ ಸಂದರ್ಶನಕ್ಕೆ ಬರಬೇಕು. ಹಾಸ್ಟೆಲಿನ ಗೆಳತಿಯರು ಸೀರೆ ತರಲೆಂದು ತಲಾ ಮೂವತ್ತು ರೂಪಾಯಿ ಕೊಟ್ಟು ಕಳಿಸಿದರು.

ಎದುರಿಗೆ ಆರು ಮಂದಿ. ಜೆ.ಆರ್.ಡಿ.ಗೆ ಕಾಗದ ಬರೆದ ಹುಡುಗಿ ಇವಳೇ ಎಂಬ ಪಿಸುಮಾತು ಕಿವಿಗೆ ಬಿದ್ದಾಗ, ಕೆಲಸ ಸಿಗದೆಂದು ಆಕೆಗೆ ಖಚಿತವಾಯಿತು, ಭಯವೂ ಹೋಯಿತು. ಆಕೆಗೆ ಅಮೆರಿಕದಲ್ಲಿ ಓದುವ ಅವಕಾಶವೂ ಕೈಯಲ್ಲಿತ್ತು. ಮನೆಯ ಸಾಲ ಬೆನ್ನಿಗಿರುವ ನಿಮಗೆ ಅಂಥ ನಿರಾಳ ಇರಲಾರದು, ನಿಜ. ಆದರೆ ಮುಂದೆ ನಡೆದದ್ದನ್ನು ಗಮನಿಸಿ. ತಾಂತ್ರಿಕ ಪ್ರಶ್ನೆಗಳನ್ನು ಕೇಳಿದರು, ಆಕೆ ಎಲ್ಲಕ್ಕೂ ಉತ್ತರಿಸಿದರು. ಅದಾದ ಮೇಲೆಯೇ ಹಿರಿಯರೊಬ್ಬರು ಪ್ರೀತಿಯಿಂದ ಹೇಳಿದ್ದು: ಕಾರ್ಖಾನೆಯೊಳಗೆ ಹೆಂಗಸರನ್ನು ನಾವು ತೆಗೆದುಕೊಂಡದ್ದೇ ಇಲ್ಲ, ನಿಮ್ಮಂಥ ಜಾಣೆ ಸಂಶೋಧನಾಲಯಕ್ಕೆ ಹೋಗಬೇಕು. ಎಲ್ಲಿಂದಲಾದರೂ ಆರಂಭ ಮಾಡಲೇಬೇಕಲ್ಲ, ಇಲ್ಲದಿದ್ದರೆ ಯಾವ ಹೆಂಗಸೂ ಎಂದೂ ಒಳಗೆ ಬರಲಾರಳು, ಎಂಬುದು ಆಕೆಯ ಉತ್ತರ. ಆ ಮಾತಿಗೆ ಬೆಲೆ ಬಂದದ್ದು ಅದಕ್ಕೂ ಮೊದಲು ಕೊಟ್ಟ ಉತ್ತರಗಳಿಂದ ಎಂದೇ ನನ್ನ ಎಣಿಕೆ. ಕೆಲಸ ಸಿಕ್ಕಿತು, ಪುಣೆ, ಮುಂಬಯಿ, ಜಮ್‌ಶೆಡ್‌ಪುರಗಳಲ್ಲಿ ದುಡಿದರು.

ಇನ್ನೊಂದು ಸಂಗತಿ. ಸರ್ಕಾರಿ ನೌಕರಿಯಲ್ಲಿ ಹೆಣ್ಣು-ಗಂಡು ಭೇದವನ್ನು ಸಂವಿಧಾನದ 16ನೇ ವಿಧಿ ತಡೆದಿತ್ತು; ಖಾಸಗಿ ಕಂಪನಿಗಳಿಗೆ ಅದು ತಾಗುತ್ತಿರಲಿಲ್ಲ. ನೇಮಕಾತಿಯಲ್ಲಿ ಆ ಭೇದವನ್ನು ಅಲ್ಲಿಯೂ ನಿಷೇಧಿಸಿದ ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ, ಅಂಚೆ ಕಾರ್ಡು ಹೋದ ಎರಡು ವರ್ಷದ ನಂತರ.